ಮಲ್ಕಾಳ ಪಂಕ್ತಿ

ಗಂಡ ತೀರಿಕೊಂಡ ಮೇಲೆ ಬರುವ ಮೊದಲ ಪಸ್ಕ ಹಬ್ಬಕ್ಕೆ ಇಬ್ಬರು ಗಂಡುಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬೇಕು ಅನ್ನುವುದು ಮಲ್ಕಾಳ ಆಸೆ. ಅದೇನು ಅಂಥ ದೊಡ್ಡ ಆಸೆಯೇ? ನಮ್ಮ ಅಂತಿಯೋಕ್ಯದ ಯೆಹೂದ್ಯರ ಕೇರಿಯಲ್ಲಿ ಹಬ್ಬಕ್ಕೆ ಮಕ್ಕಳು ಮನೆಗೆ ಬರುವುದು, ತಾಯಿ ಬಡಿಸುವುದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ. ಆದರೆ ಆ ವರ್ಷ ಅದಕ್ಕಾಗಿ ಅವಳು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳದೂ ನಮ್ಮದೂ ಒಂದೇ ಅಂಗಳ, ರೊಟ್ಟಿ ಸುಡುವುದಕ್ಕೆ ಒಂದೇ ಒಲೆ. ಅವಳ ಮನೆಯಲ್ಲಿ ಈರುಳ್ಳಿ ಸೀದರೆ ಮೊದಲು ನನಗೆ ಗೊತ್ತಾಗುತ್ತಿತ್ತು, ಜಗಳ ಹತ್ತಿಕೊಂಡರೂ ಅಷ್ಟೇ.

ದೊಡ್ಡವನು ಹಿಲ್ಕಿಯಾ, ಅಪ್ಪನ ಎಣ್ಣೆ ಅಂಗಡಿ ನೋಡಿಕೊಳ್ಳುತ್ತಿದ್ದ. ನಮ್ಮ ಕೇರಿಯವರು ಗ್ರೀಕರು ಹಿಂಡಿದ ಎಣ್ಣೆಯನ್ನು ಮುಟ್ಟುವುದಿಲ್ಲ. ನಮ್ಮವರೇ ಕಿತ್ತು, ನಮ್ಮವರೇ ಹಿಂಡಿ, ನಮ್ಮವರೇ ಹೊತ್ತು ತಂದದ್ದಾದರೆ ಮಾತ್ರ ದೀಪಕ್ಕೂ ಬಾಯಿಗೂ. ಹಾಗಾಗಿ ಜನ ಹಿಲ್ಕಿಯಾನ ಅಂಗಡಿಗೆ ಬರುತ್ತಿದ್ದದ್ದು ಎಣ್ಣೆಯ ರುಚಿ ನೋಡಿ ಅಲ್ಲ, ಆ ಮನೆಯ ಮಡಿ ನೋಡಿ. ಅವನ ಹೆಂಡತಿ ದೀನಾ, ಬಾಯಿ ಜೋರು, ಕೈ ಇನ್ನೂ ಜೋರು. ಒಬ್ಬಳೇ ಮಗಳು ತಿರ್ಜಾ, ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ವಯಸ್ಸು.

ಚಿಕ್ಕವನು ಯಾಯಿರ್, ಮದುವೆಯಾಗಿರಲಿಲ್ಲ. ಎಣ್ಣೆಯ ತೊಗಲಚೀಲ ಹೊತ್ತು ಮನೆಮನೆಗೆ ಹಾಕಿ ಬರುವುದು ಅವನ ಕೆಲಸ. ಹಾಗೆ ಹಾಕಿ ಬರುತ್ತ ಬರುತ್ತ ಅವನು ಯೇಸುವಿನ ಜನರ ಜೊತೆ ಸೇರಿಕೊಂಡ. ಯೆರೂಸಲೇಮಿನಲ್ಲಿ ಶಿಲುಬೆಗೇರಿದ ಆ ಗಲಿಲಾಯದವನೇ ನಾವು ಕಾಯುತ್ತಿದ್ದ ಮೆಸ್ಸೀಯ ಅನ್ನುವವರು. ಅದಕ್ಕೆ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಜನಕ್ಕೆ ಮೆಸ್ಸೀಯನ ವಿಷಯದಲ್ಲಿ ತಲೆಗೊಂದು ಮಾತು ಇದ್ದೇ ಇದೆ. ತಲೆ ಕೆಟ್ಟದ್ದು ಆ ಜನ ಗ್ರೀಕರ ಜೊತೆ ಕೂತು ಒಂದೇ ರೊಟ್ಟಿ ಮುರಿದು ತಿನ್ನುತ್ತಾರೆ ಅಂತ ಗೊತ್ತಾದಾಗ.

"ಇವತ್ತು ಯಾರ ಎಂಜಲು ತಿಂದು ಬಂದೆಯೋ?" ಹಿಲ್ಕಿಯಾ ಕೇಳುತ್ತಿದ್ದ, ಅವನು ಹೊಸಿಲು ದಾಟುವ ಮೊದಲೇ.

"ಎಂಜಲಲ್ಲ ಅಣ್ಣ, ರೊಟ್ಟಿ."

"ರೊಟ್ಟಿ ಯಾರು ಸುಟ್ಟಿದ್ದು?"

"ಒಲೆ."

"ನೋಡಮ್ಮ, ನಿನ್ನ ಮಗನ ನಾಲಿಗೆ! ಅಪ್ಪ ಇದ್ದಿದ್ರೆ ಹಿಂಗೆ ಮಾತಾಡ್ತಿದ್ನಾ?"

"ಅಪ್ಪ ಇದ್ದಿದ್ರೆ ಮೊದಲು ಉಣ್ಣಕ್ಕೆ ಬಿಡ್ತಿದ್ರು" ಅನ್ನುತ್ತಿದ್ದಳು ಮಲ್ಕಾ. "ಕೂತ್ಕೋ ಯಾಯಿರ್. ದೀನಾ, ಅವನಿಗೆ ಬೇಳೆ ಬಡಿಸು."

ದೀನಾ ಬಡಿಸುತ್ತಿದ್ದಳು, ಆದರೆ ಬೇರೆ ತಟ್ಟೆಯಲ್ಲಿ, ಬಾಗಿಲ ಪಕ್ಕದಲ್ಲಿ. ಮಣ್ಣಿನ ತಟ್ಟೆ ಒಮ್ಮೆ ಮೈಲಿಗೆಯಾದರೆ ಒಡೆಯಬೇಕು ತಾನೇ? ಅವನಿಗೆಂದು ಅಂಚು ಹೋದ ತಟ್ಟೆಯೊಂದನ್ನು ಅವಳು ಎತ್ತಿಟ್ಟಿದ್ದಳು. ಸ್ವಲ್ಪ ದಿನ ಯಾಯಿರ್ ಆ ತಟ್ಟೆಯಲ್ಲಿ ಉಂಡ. ಆಮೇಲೆ ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟ. ಹೊಳೆಯ ಹತ್ತಿರ ಬಾಡಿಗೆಗೆ ಒಂದು ಕೋಣೆ ಹಿಡಿದ.

ಹಬ್ಬ ಹತ್ತಿರ ಬರುತ್ತಿತ್ತು. ಮಲ್ಕಾ ಅವನನ್ನು ಹುಡುಕಿಕೊಂಡು ಹೋಗಿ ಬೀದಿಯಲ್ಲೇ ಹಿಡಿದಳು, ನಾನೂ ಜೊತೆಗಿದ್ದೆ. ಅವನ ಹೆಗಲ ಮೇಲೆ ಎಣ್ಣೆಯ ಚೀಲ ಹಾಗೇ ಇತ್ತು.

"ಪಸ್ಕಕ್ಕೆ ಬರ್ತೀಯೋ ಇಲ್ವೋ? ಅಷ್ಟು ಹೇಳು."

"ಬಾಗಿಲ ಹತ್ತಿರ ಕೂರಕ್ಕಾ?"

"ಅಲ್ಲ ಕಣೋ, ಅಣ್ಣನ ಪಕ್ಕ."

"ಅಮ್ಮ, ನಂಗೆ ಇನ್ನೊಂದು ಮನೆ ಇದೆ ಈಗ. ಥಾಲ್ಲೂಸಾ ಅಂತ ಒಬ್ಬಳು ಗ್ರೀಕ್ ಮುದುಕಿ. ಚಳಿಗಾಲದಲ್ಲಿ ನಂಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟೋಳು ಅವಳು, ಬಟ್ಟೆ ಒಗೆದುಕೊಟ್ಟೋಳು ಅವಳು. ಅವಳಿಗೆ ಯಾರೂ ಇಲ್ಲ. ಅವಳನ್ನ ಆಚೆ ಬಿಟ್ಟು ನಾನು ಒಳಗೆ ಕೂತು ಉಣ್ಣಲ್ಲ. ಅವಳೂ ಬರ್ಲಿ, ಬರ್ತೀನಿ."

"ಜ್ವರ ಬಂದಿತ್ತಾ? ನಂಗೆ ಹೇಳ್ಲಿಲ್ವಲ್ಲೋ!"

"ಹೇಳಿ ಕಳಿಸಿದ್ದೆ. ಅತ್ತಿಗೆಗೆ."

ಮಲ್ಕಾ ಸರಸರನೆ ಮನೆಯ ದಾರಿ ಹಿಡಿದಳು. ಅಂಗಳಕ್ಕೆ ಬಂದ ಮೇಲೆ ಒಲೆಯ ಕಟ್ಟೆಯ ಮೇಲೆ ಕೂತು, "ಎಲೀಶೇಬಾ, ಕಲ್ಲಿಗೆ ಮೈಲಿಗೆ ಇಲ್ಲ ಅಲ್ವೇನೇ?" ಅಂದಳು.

ಹೌದು, ಕಲ್ಲಿಗೆ ಮೈಲಿಗೆ ಇಲ್ಲ. ಮಣ್ಣಿನದ್ದನ್ನು ಒಡೆಯಬೇಕು, ಲೋಹದ್ದನ್ನು ನೀರಲ್ಲಿ ಮುಳುಗಿಸಬೇಕು, ಕಲ್ಲಿನದ್ದಕ್ಕೆ ಏನೂ ಅಂಟುವುದಿಲ್ಲ. ಅವಳ ಗಂಡ ಯೆರೂಸಲೇಮಿಗೆ ಯಾತ್ರೆ ಹೋದಾಗ ಸುಣ್ಣಕಲ್ಲಿನ ಬಟ್ಟಲುಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಬಂದಿದ್ದ. ಪೆಟ್ಟಿಗೆಯಲ್ಲಿ ಹುಲ್ಲಿನ ನಡುವೆ ಮಲಗಿದ್ದ ಅವುಗಳನ್ನು ಮಲ್ಕಾ ಹೊರಗೆ ತೆಗೆದಳು. ಅವತ್ತಿಡೀ ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

ಸಂಜೆ ಹಿಲ್ಕಿಯಾ ಬಂದ ಕೂಡಲೇ ಶುರುವಾಯಿತು.

"ಗ್ರೀಕ್ ಹೆಂಗಸನ್ನ ಪಸ್ಕಕ್ಕೆ ಕರೀತೀಯಾ? ಅಮ್ಮ, ನಿಂಗೆ ಅರಳುಮರಳಾ?"

"ಸುನ್ನತಿ ಇಲ್ಲದೋನು ಪಸ್ಕ ಉಣ್ಣಬಾರದು ಅಂತಿದೆ. ಹೆಂಗಸಿಗೆ ಸುನ್ನತಿ ಎಲ್ಲಿಂದ ತರ್ತೀಯೋ?"

ದೀನಾ ಕೂಡ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹಿಲ್ಕಿಯಾ ನಗಲಿಲ್ಲ.

"ನಮ್ಮ ಅಡುಗೆ, ನಮ್ಮ ಎಣ್ಣೆ, ನಮ್ಮ ಬಟ್ಟಲು" ಮಲ್ಕಾ ಬೆರಳು ಮಡಚಿದಳು. "ಅವಳು ಏನೂ ತರಲ್ಲ, ಏನೂ ಬಡಿಸಲ್ಲ. ಕೂತು ಉಂಡು ಹೋಗ್ತಾಳೆ. ಮೈಲಿಗೆ ಎಲ್ಲಿಂದ ಬರುತ್ತೆ ಹೇಳು."

"ಅಂಗಡಿಗೆ ಬರೋರಿಗೆ ಇದನ್ನೆಲ್ಲ ಹೇಳ್ತಾ ಕೂರಲಾ?"

"ಅಜ್ಜಿ ಹೇಳೋದು ಸರಿ ಅಪ್ಪ" ಅಂದಳು ತಿರ್ಜಾ.

"ನೀನು ಹಲ್ಲು ಬಂದ ಮೇಲೆ ಮಾತಾಡು."

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಹಬ್ಬಕ್ಕೆ ಮೊದಲು ಒಂದು ಸಾಮಾನ್ಯ ದಿನ ಆ ಮುದುಕಿ ಬರಲಿ. ಎಲ್ಲ ಸರಿ ಹೋದರೆ ಹಬ್ಬದ ಮಾತು. ಹಿಲ್ಕಿಯಾ ಇಷ್ಟಕ್ಕೆ ಒಪ್ಪಿದ್ದೇ ದೊಡ್ಡದು. ತಮ್ಮನ ಮೇಲೆ ಅವನಿಗೂ ಕರುಳಿತ್ತು. ಇರಲಿಲ್ಲ ಅಂತ ಆಮೇಲೆ ಹೇಳಿದವರು ಅವನನ್ನು ನನ್ನಷ್ಟು ನೋಡಿದವರಲ್ಲ.

ಆ ದಿನ ಮಲ್ಕಾ ಚನ್ನಂಗಿ ಬೇಳೆ, ಕಡಲೆ, ಉಪ್ಪುಮೀನು, ಸಬ್ಬಸಿಗೆ ಸೊಪ್ಪು ಎಲ್ಲ ಮಾಡಿದಳು. ಕುಡಿಯುವ ಲೋಟ ಸಾಲದೆ ನಮ್ಮ ಮನೆಯಿಂದ ಎರಡು ಮಣ್ಣಿನ ಲೋಟ ತಂದುಕೊಟ್ಟು, ಬಡಿಸಲು ಅಲ್ಲೇ ಉಳಿದೆ. ದ್ರಾಕ್ಷಾರಸದ ಜಾಡಿಯ ಮುಚ್ಚಳದ ಮೇಣವನ್ನು ಅವಳು ಬಿಡಿಸುವಾಗ ನಾನು ಅವಳ ಕೈ ತಡೆದೆ. ಅದು ಅವಳ ಗಂಡ ಸಾಯುವ ಮೊದಲು ಕೊನೆಯ ಸಲ ಹಿಂಡಿಸಿದ ರಸ, ಪಸ್ಕಕ್ಕೆಂದೇ ಇಟ್ಟದ್ದು.

"ಇದನ್ನ ಯಾಕೆ ಇವತ್ತೇ ತೆಗೀತೀಯೇ?"

"ಮಕ್ಕಳು ಇಬ್ಬರೂ ಬರ್ತಾರಲ್ಲ. ಅವರಪ್ಪನೂ ಇರ್ಲಿ ಅಂತ."

ಥಾಲ್ಲೂಸಾ ಬಂದಳು. ಸಣ್ಣ ಹೆಂಗಸು, ಉಣ್ಣೆ ಬಾಚಿ ಬಾಚಿ ಬೆರಳು ಸೊಟ್ಟಗಾಗಿದ್ದವು. ಯಾವುದೋ ರೋಮನ್ ಮನೆಯಲ್ಲಿ ಹುಟ್ಟುತ್ತಲೇ ದಾಸಿ, ಯಜಮಾನ ಸಾಯುವಾಗ ಬಿಡುಗಡೆ ಮಾಡಿದ್ದ. ಏನೂ ತರಬೇಡ ಅಂತ ಯಾಯಿರ್ ಹೇಳಿದ್ದ. ಬರಿಗೈಯಲ್ಲಿ ಬಂದದ್ದಕ್ಕೆ ಅವಳು ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಒದ್ದಾಡುತ್ತಿದ್ದಳು. ಹೊಸಿಲಲ್ಲಿ ನಿಂತು ಕೇಳದೆಯೇ ಕೈ ತೊಳೆದಳು, ಮೊಣಕೈವರೆಗೂ, ಚರ್ಮ ಕೆಂಪಾಗುವಷ್ಟು.

ಊಟ ಚೆನ್ನಾಗಿಯೇ ಸಾಗಿತು. ಹಿಲ್ಕಿಯಾ ಮೊದಲು ಗೋಡೆ ನೋಡುತ್ತ ಉಣ್ಣುತ್ತಿದ್ದ. ಥಾಲ್ಲೂಸಾ ರೊಟ್ಟಿಯನ್ನು ಎಣ್ಣೆಗೆ ಅದ್ದಿ ಬಾಯಿಗಿಟ್ಟು, "ಯಜಮಾನ್ರೇ, ಇದು ಹಸಿರು ಕಾಯಿದು ಅಲ್ವಾ? ಮಳೆಗೆ ಮುಂಚೆ ಕಿತ್ತಿದ್ದು" ಅಂದಳು.

ಹಿಲ್ಕಿಯಾ ತಿರುಗಿ ನೋಡಿದ. "ನಿಂಗೆ ಹೇಗೆ ಗೊತ್ತು?"

"ಗಂಟಲಲ್ಲಿ ಕಡೀತಾ ಇದೆಯಲ್ಲ. ದೊಡ್ಡೋರ ಮನೇಲಿ ದೀಪಕ್ಕೆ ಹಾಕ್ತಾ ಹಾಕ್ತಾ ಕದ್ದು ನೆಕ್ತಿದ್ದೆ."

ತಿರ್ಜಾ ಕಿಸಕ್ಕನೆ ನಕ್ಕಳು. ಹಿಲ್ಕಿಯಾನೂ ನಕ್ಕ. "ಈ ಊರಲ್ಲಿ ಎಣ್ಣೆ ಗೊತ್ತಿರೋಳು ನೀನೊಬ್ಬಳೇ ನೋಡು. ಯಾಯಿರ್, ಅವಳಿಗೆ ಇನ್ನಷ್ಟು ಹಾಕೋ." ಎಷ್ಟೋ ದಿನದ ಮೇಲೆ ಅವನು ತಮ್ಮನ ಹೆಸರು ಹಿಡಿದು ಕರೆದಿದ್ದ. ಮಲ್ಕಾ ನನ್ನ ಕಡೆ ನೋಡಿದಳು. ಆ ಮುಖ ನನಗೆ ಈಗಲೂ ನೆನಪಿದೆ.

ಹಿಲ್ಕಿಯಾ ತಾನೇ ಎದ್ದು ಜಾಡಿಯಿಂದ ರಸ ಬಗ್ಗಿಸಿ ಒಬ್ಬೊಬ್ಬರಿಗೂ ಕೊಟ್ಟ. ಥಾಲ್ಲೂಸಾಳಿಗೂ ತನ್ನ ಕೈಯಾರೆ ಕೊಟ್ಟ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ತುಟಿಗೆ ಇಡುವ ಮೊದಲು ಎರಡು ಬೆರಳನ್ನು ಲೋಟಕ್ಕೆ ಅದ್ದಿ ನಾಲ್ಕು ಹನಿ ನೆಲಕ್ಕೆ ಚಿಮುಕಿಸಿದಳು.

ಗ್ರೀಕರು, ರೋಮಿನವರು ಕುಡಿಯುವ ಮೊದಲು ಹಾಗೆ ಮಾಡುವುದು ತಮ್ಮ ದೇವರುಗಳ ಪಾಲು ಕೊಡುವುದಕ್ಕೆ. ಅಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

"ಯಾರಿಗೆ?" ಹಿಲ್ಕಿಯಾ ಮೆಲ್ಲಗೆ ಕೇಳಿದ. "ಯಾರಿಗೆ ಕೊಟ್ಟೆ ಅದನ್ನ?"

ಥಾಲ್ಲೂಸಾ ತನ್ನ ಬೆರಳನ್ನೇ ನೋಡುತ್ತಿದ್ದಳು. "ಯಾರಿಗೂ ಅಲ್ಲ... ಅಯ್ಯೋ... ಯಜಮಾನ್ರ ಮನೇಲಿ ದಿನಾ ನಾನೇ ಚೆಲ್ಲಬೇಕಿತ್ತು... ಕೈ ತಾನೇ..."

"ಅಣ್ಣ, ಅಭ್ಯಾಸ ಕಣೋ! ಅವಳು ಆ ದೇವರುಗಳನ್ನೆಲ್ಲ ಬಿಟ್ಟು ಎಷ್ಟು ಕಾಲ ಆಯ್ತು!"

"ಅವಳು ಬಿಟ್ಟಿರಬಹುದು. ಅವಳ ಕೈ ಬಿಟ್ಟಿಲ್ವಲ್ಲ."

"ಹಿಲ್ಕಿಯಾ, ನೆಲ ಒರೆಸಿದ್ರೆ ಹೋಯ್ತು" ಮಲ್ಕಾ ಆಗಲೇ ಬಟ್ಟೆ ಹಿಡಿದು ಮೊಣಕಾಲೂರಿದ್ದಳು.

"ನೆಲ ಒರೆಸ್ತೀಯ. ಅದೇ ರಸ ಇರೋ ಜಾಡಿ ಒರೆಸ್ತೀಯಾ? ಇದು ವಿಗ್ರಹದ ರಸ ಆಯ್ತು ಅಮ್ಮ. ಅಪ್ಪ ಹಿಂಡಿಸಿದ್ದು ವಿಗ್ರಹಕ್ಕೆ ಹೋಯ್ತು!"

ಅವನು ಜಾಡಿಯನ್ನು ಎತ್ತಿಕೊಂಡು ಅಂಗಳಕ್ಕೆ ಬಂದ. ಮಲ್ಕಾ ಹಿಂದೆ ಓಡಿ ಬಂದು ಅವನ ತೋಳು ಹಿಡಿದಳು, ಅವನು ಬಿಡಿಸಿಕೊಂಡ. ಪೂರ್ತಿ ಜಾಡಿ ಚರಂಡಿಗೆ ಬೋರಲಾಯಿತು. ಆಮೇಲೆ ಮಣ್ಣಿನ ಲೋಟಗಳನ್ನು ಒಂದೊಂದಾಗಿ ಒಲೆಯ ಕಟ್ಟೆಗೆ ಹೊಡೆದು ಒಡೆದ, ನನ್ನ ಎರಡೂ ಸೇರಿ. ಅವನು ಅಳುತ್ತಿದ್ದ. ಬೀದಿಗೆಲ್ಲ ದ್ರಾಕ್ಷಿಯ ವಾಸನೆ ಹರಡಿತು. ಥಾಲ್ಲೂಸಾ ಮುಸುಕೆಳೆದುಕೊಂಡು ಗೋಡೆಯ ಪಕ್ಕದಲ್ಲೇ ಸರಿದು ಹೋದಳು. ಯಾಯಿರ್ ಅವಳ ಹಿಂದೆ ಹೋದ.

"ಹೋಗು!" ಹಿಲ್ಕಿಯಾ ಕೂಗಿದ. "ಅವರನ್ನ ಬಿಟ್ಟು ಬರೋವರೆಗೂ ಈ ಹೊಸಿಲು ತುಳೀಬೇಡ!"

"ತುಳಿಯಲ್ಲ!"

ಆ ವಾಸನೆಯೇ ಸುದ್ದಿ ಹಬ್ಬಿಸಿತು. ಮಾರನೆಯ ದಿನ ಬಾವಿಯ ಹತ್ತಿರ ಹೆಂಗಸರು ತಿರ್ಜಾಳಿಗೆ, "ನಿಮ್ಮನೇಲಿ ಈಗ ಯಾವ ದೇವಿಗೆ ಪೂಜೆ ನಡೀತಿದೆ ಮರಿ?" ಅಂತ ಕೇಳಿದರು. ಹುಡುಗಿ ಖಾಲಿ ಕೊಡ ಹೊತ್ತು ಅಳುತ್ತ ಬಂದಳು. ಅಂಗಡಿಗೆ ಬರುವವರು ಕಡಿಮೆಯಾದರು. ಬಂದವರೂ ಎಣ್ಣೆಯ ಚೀಲವನ್ನು ಮೂಸಿ ನೋಡುತ್ತಿದ್ದರು. ದೀನಾ ಪಾತ್ರೆ ಕುಕ್ಕುತ್ತ, "ನಿಮ್ಮ ಕಲ್ಲಿನ ಬಟ್ಟಲಿಗೆ ಮೈಲಿಗೆ ಇಲ್ಲ ಅತ್ತೆ, ನಮ್ಮ ಹೊಟ್ಟೆಗಿದೆ" ಅನ್ನುತ್ತಿದ್ದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಆ ವಾರವೆಲ್ಲ ಅವರ ಮನೆಯಲ್ಲಿ ಜವೆಗೋಧಿ ರೊಟ್ಟಿ, ಈರುಳ್ಳಿ, ಅಷ್ಟೇ.

ಮಲ್ಕಾ ಯಾರಿಗೂ ಎದುರಾಡಲಿಲ್ಲ. ಒಂದು ಮಧ್ಯಾಹ್ನ, "ಬಾರೇ, ನೋಡ್ಕೊಂಡು ಬರೋಣ" ಅಂತ ನನ್ನನ್ನು ಎಬ್ಬಿಸಿಕೊಂಡು ಯೇಸುವಿನ ಜನ ಸೇರುವ ಮನೆಗೆ ಹೋದಳು. ನಾವು ಬಾಗಿಲಲ್ಲೇ ನಿಂತೆವು. ಒಳಗೆ ನಮ್ಮ ಕೇರಿಯ ನೇಕಾರನೊಬ್ಬ, ಪಕ್ಕದಲ್ಲಿ ಗ್ರೀಕ್ ಚಮ್ಮಾರ, ಅವನ ಪಕ್ಕ ಯಾಯಿರ್, ಆಮೇಲೆ ಥಾಲ್ಲೂಸಾ. ಒಂದು ರೊಟ್ಟಿ ಕೈಯಿಂದ ಕೈಗೆ ಹೋಗುತ್ತಿತ್ತು. ಯಾಯಿರ್ ಬಾಯಿ ತುಂಬ ಇಟ್ಟುಕೊಂಡು ಏನೋ ಹೇಳಿ ನಗುತ್ತಿದ್ದ. ಮಲ್ಕಾ ಅವನನ್ನೇ ನೋಡುತ್ತ ನಿಂತಳು. ಮನೆಯಲ್ಲಿ ಅವನು ಹಾಗೆ ಉಂಡು ವರ್ಷವಾಗಿತ್ತು.

ಥಾಲ್ಲೂಸಾ ಎದ್ದು ಬಂದಳು. "ತಾಯೀ, ನನ್ನ ಕೈ ಕತ್ತರಿಸಿ ಹಾಕ್ಲಾ ಅನ್ನಿಸುತ್ತೆ."

"ಬಿಡೇ. ನನ್ನ ಗಂಡ ಹೋಗಿ ಎಷ್ಟು ತಿಂಗಳಾಯ್ತು, ಬೆಳಿಗ್ಗೆ ನನ್ನ ಕೈ ಅವರ ಪಾಲಿನ ರೊಟ್ಟಿ ತಟ್ಟಿಬಿಟ್ಟಿರುತ್ತೆ. ಕೈಗೆ ಏನು ಗೊತ್ತಾಗುತ್ತೆ" ಅಂದಳು ಮಲ್ಕಾ. ಅವಳ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡಳು. "ನನ್ನ ಮಗನಿಗೆ ಜ್ವರ ಬಂದಾಗ ಗಂಜಿಗೆ ಉಪ್ಪು ಹಾಕಿದ್ಯಾ? ಹಾಕಿದ್ರೆ ಅವನು ಕುಡಿಯಲ್ಲ."

"ಮೊದಲ ದಿನ ಹಾಕಿದ್ದೆ. ಮುಖಕ್ಕೇ ಉಗುಳಿದ."

ಇಬ್ಬರೂ ನಕ್ಕರು. ಹಬ್ಬಕ್ಕೆ ಇನ್ನೂ ದಿನವಿದೆ, ಹಿಲ್ಕಿಯಾನ ಕಾಲು ಹಿಡಿದಾದರೂ ಸರಿ, ಇಬ್ಬರನ್ನೂ ಕರೆಸುತ್ತೇನೆ ಅಂತ ವಾಪಸು ಬರುತ್ತ ಮಲ್ಕಾ ಹೇಳಿದಳು. ನಾನು ಹೂಂ ಅಂದೆ. ನನಗೆ ನಂಬಿಕೆ ಇರಲಿಲ್ಲ.

ಆದರೆ ಹಿಲ್ಕಿಯಾನ ಕಾಲು ಹಿಡಿಯುವ ಕೆಲಸವೇ ಬರಲಿಲ್ಲ. ಹಬ್ಬದ ಹಿಂದಿನ ವಾರ ಯೆರೂಸಲೇಮಿನಿಂದ ಯೇಸುವಿನ ಜನರಲ್ಲೇ ಕೆಲವು ದೊಡ್ಡವರು ಬಂದಿಳಿದರು. ಅವರೂ ಯೆಹೂದ್ಯರೇ, ಮಡಿಯವರು, ಗ್ರೀಕರ ಪಂಕ್ತಿಯಲ್ಲಿ ಕೂರಲಿಲ್ಲ. ಯಾರನ್ನೂ ಬೈಯಲೂ ಇಲ್ಲವಂತೆ. ತಮ್ಮ ರೊಟ್ಟಿ ತಾವು ತೆಗೆದುಕೊಂಡು ಇನ್ನೊಂದು ಕೋಣೆಗೆ ಹೋಗಿ ಕೂತರು. ಮೊದಲು ಅವರಿಗೆ ಹತ್ತಿರದವರು ಎದ್ದು ಹೋದರು, ಆಮೇಲೆ ನೇಕಾರ ಎದ್ದ, ಆಮೇಲೆ ಎಲ್ಲ ಯೆಹೂದ್ಯರೂ ಎದ್ದರು.

ಯಾಯಿರ್ ಅಂಗಳಕ್ಕೆ ಬಂದಾಗ ಮಲ್ಕಾ ಹಬ್ಬದ ಮುಂಚಿನ ಕೆಲಸದಲ್ಲಿದ್ದಳು. ಹುಳಿಹಿಟ್ಟಿನ ಒಂದು ಚೂರೂ ಉಳಿಯಬಾರದೆಂದು ಡಬ್ಬಿಗಳನ್ನು ಬೋರಲು ಹಾಕಿ ಬಡಿಯುತ್ತಿದ್ದಳು.

"ಅಮ್ಮ, ಪಸ್ಕಕ್ಕೆ ಬರ್ತೀನಿ."

ಅವಳ ಕೈಯಿಂದ ಡಬ್ಬಿ ಬಿತ್ತು. "ನಿಜವಾಗ್ಲೂನಾ? ಅಣ್ಣನ ಪಕ್ಕ?"

"ಎಲ್ಲಿ ಕೂರ್ಸಿದ್ರೂ ಸರಿ."

"ಥಾಲ್ಲೂಸಾ?"

"ಅವಳು ಬರಲ್ಲ. ಈಗ ಅವರದ್ದು ಬೇರೆ ಪಂಕ್ತಿ, ನಮ್ಮದು ಬೇರೆ."

ಮಲ್ಕಾ ಅವನ ಮುಖ ನೋಡಿದಳು. "ನೀನೂ ಎದ್ದೆಯಾ ಯಾಯಿರ್?"

"ಎಲ್ಲರೂ ಎದ್ರು ಅಮ್ಮ."

"ಎಲ್ಲರ ಸುದ್ದಿ ನಾನು ಕೇಳ್ಲಿಲ್ಲ."

"ಎದ್ದೆ." ಅವನು ಒಲೆಯ ಬೂದಿಯನ್ನು ಕಾಲಿನಿಂದ ಕೆದಕುತ್ತಿದ್ದ. "ಅವಳು ರೊಟ್ಟಿ ಚಾಚಿದ್ಲು ನನ್ನ ಕಡೆ. ನಾನು ತಗೊಳ್ಳೋದಕ್ಕೆ ಮುಂಚೆ ನೇಕಾರ ಮಾಮ ನನ್ನ ಭುಜ ಮುಟ್ಟಿದ. ಎದ್ದೆ. 'ಮತ್ತೆ ನನ್ನ ಕೈ ಏನಾದ್ರೂ ಮಾಡಿಬಿಡ್ತಾ ಅಪ್ಪಾ?' ಅಂತ ಕೇಳಿದ್ಲು."

"ನೀನೇನಂದೆ?"

ಅವನು ಬಗ್ಗಿ, ಬಿದ್ದ ಡಬ್ಬಿಯನ್ನು ಎತ್ತಿ ಅವಳ ಕೈಗೆ ಕೊಟ್ಟ. ಥಾಲ್ಲೂಸಾಳಿಗೂ ಉತ್ತರ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.

ಹಿಲ್ಕಿಯಾ ಸುದ್ದಿ ಕೇಳಿ ತಮ್ಮನನ್ನು ತಬ್ಬಿಕೊಂಡ. "ನಾನು ಹೇಳಿದ್ನೋ ಇಲ್ವೋ? ನಿಮ್ಮ ದೊಡ್ಡೋರೇ ಹೇಳಿದ ಮೇಲೆ ಬುದ್ಧಿ ಬಂತು. ಬಾರೋ, ನಾಳೆಯಿಂದ ಚೀಲ ಹೊರು. ಜನರೂ ನೋಡ್ಲಿ, ನಮ್ಮ ಹುಡುಗ ನಮ್ಮ ಹತ್ರಾನೇ ಇದ್ದಾನೆ ಅಂತ." ಅವನ ಸಂತೋಷ ಕಪಟದ್ದಲ್ಲ. ಅಂಗಡಿಗೂ ಜನ ಒಬ್ಬೊಬ್ಬರಾಗಿ ಮರಳಿದರು.

ಪಸ್ಕದ ಸಂಜೆ ನಮ್ಮ ಮನೆಯವರೂ ಅವರ ಜೊತೆಗೇ ಕೂತಿದ್ದೆವು, ಒಂದೇ ಅಂಗಳದವರು ಅಂತ. ಹುಳಿಯಿಲ್ಲದ ರೊಟ್ಟಿ, ಸುಟ್ಟ ಮಾಂಸ, ಕಹಿಸೊಪ್ಪು, ಅಂಗಡಿಯಿಂದ ತಂದ ಹೊಸ ದ್ರಾಕ್ಷಾರಸ. ಹಿಲ್ಕಿಯಾನ ಪಕ್ಕದಲ್ಲಿ ಯಾಯಿರ್. ದೀನಾ ಅವನಿಗೆ ಅಂಚು ಹೋಗದ ತಟ್ಟೆ ಕೊಟ್ಟು, "ಮೈದುನಾ, ಚೆನ್ನಾಗಿ ಉಣ್ಣು, ಇಳಿದುಹೋಗಿದ್ದೀಯ" ಅಂದಳು.

ಆ ಸಂಜೆ ಮನೆಯ ಮಕ್ಕಳು ಪ್ರಶ್ನೆ ಕೇಳಬೇಕು, ಹಿರಿಯರು ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ಕಥೆ ಹೇಳಬೇಕು. ಅದು ನಮ್ಮ ಪದ್ಧತಿ. ಹಿಲ್ಕಿಯಾ ಮಗಳ ತಲೆ ಸವರಿ, "ಕೇಳಮ್ಮ" ಅಂದ.

ತಿರ್ಜಾ ಕಲಿಸಿದ್ದನ್ನು ಕೇಳಲಿಲ್ಲ. "ಚಿಕ್ಕಪ್ಪ, ಎಣ್ಣೆ ಕದ್ದು ನೆಕ್ತಿದ್ದ ಅಜ್ಜಿ ಇವತ್ತು ಯಾರ ಜೊತೆ ಉಣ್ತಾಳೆ? ಅವಳೂ ದಾಸಿ ಆಗಿದ್ಲಲ್ಲ."

"ಅದಲ್ಲ ಕೇಳೋದು" ಅಂದಳು ದೀನಾ.

ಯಾಯಿರ್ ಎದ್ದು ಹೋಗುತ್ತಾನೆ ಅಂದುಕೊಂಡೆ ನಾನು. ಎದ್ದು ಹೋಗಲಿ ಅಂತ ಬೇಡಿಕೊಂಡೆ ಕೂಡ. ಅವನು ಕಹಿಸೊಪ್ಪನ್ನು ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟು ಅಗಿಯತೊಡಗಿದ. ಬಡಿಸಿದ್ದನ್ನೆಲ್ಲ ತಲೆ ಎತ್ತದೆ ಉಂಡ. ಹಿಲ್ಕಿಯಾ ಕಥೆ ಶುರು ಮಾಡಿದ. ಮಲ್ಕಾ ತಾನು ಆಸೆಪಟ್ಟ ಹಾಗೆಯೇ ಇಬ್ಬರು ಮಕ್ಕಳ ನಡುವೆ ಬಗ್ಗಿ ಬಡಿಸುತ್ತಿದ್ದಳು. ತಾನು ಮಾತ್ರ ಒಂದು ತುತ್ತೂ ಬಾಯಿಗೆ ಇಡಲಿಲ್ಲ.

ಮಾರನೆಯ ದಿನ ಅವಳು ಕಲ್ಲಿನ ಬಟ್ಟಲಲ್ಲಿ ಮಾಂಸ, ರೊಟ್ಟಿ, ಸೊಪ್ಪು ಹಾಕಿ ಬಟ್ಟೆ ಮುಚ್ಚಿಕೊಂಡು ಹೊರಟಳು. ಬಟ್ಟಲು ಭಾರ, ಅವಳಿಗೆ ಕಣ್ಣು ಮಂಜು. ನಾನು ಜೊತೆಗೆ ಹೋದೆ. ಉಣ್ಣೆ ಬಾಚುವವರ ಓಣಿಯಲ್ಲಿ ಥಾಲ್ಲೂಸಾ ಬಾಗಿಲನ್ನು ಅರ್ಧ ತೆರೆದಳು.

"ಹಬ್ಬದ್ದು ಕಣೇ. ನಿನ್ನ ಪಾಲು."

"ಬೇಡ ತಾಯಿ. ನಾನು ಮುಟ್ಟಿದ್ರೆ ನಿಮ್ಮ ಬಟ್ಟಲು ಮೈಲಿಗೆ ಆಗುತ್ತೆ."

"ಕಲ್ಲಿಗೆ ಮೈಲಿಗೆ ಇಲ್ವೇ."

ಥಾಲ್ಲೂಸಾ ಬಟ್ಟಲ ಕಡೆ ನೋಡಿದಳು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

"ಕಲ್ಲಿಗಿಲ್ಲ" ಅಂದಳು. "ಯಾಯಿರ್ ಉಂಡ್ನಾ ನಿನ್ನೆ?"

"ಉಂಡ."

"ಉಪ್ಪು ಕಡಿಮೆ ಹಾಕಿದ್ರಿ ತಾನೇ?"

ಮಲ್ಕಾ ಹೂಂಗುಟ್ಟಿದಳು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಒಳಗೆ ಉಣ್ಣೆ ಬಾಚುವ ಸದ್ದು ಶುರುವಾಗುವವರೆಗೂ ನಾವು ಅಲ್ಲೇ ನಿಂತಿದ್ದೆವು.

ಮನೆಗೆ ಬಂದರೆ ದೀನಾ ಹೊಸಿಲಲ್ಲಿ ಕೈ ಅಡ್ಡ ಹಿಡಿದಳು. "ಅತ್ತೆ, ಬಟ್ಟಲು ತೊಳೆದು ತನ್ನಿ. ಒಳಗಿರೋದನ್ನ ನಾವ್ಯಾರೂ ಉಣ್ಣಲ್ಲ, ಆ ಬಾಗಿಲಿಗೆ ಹೋಗಿ ಬಂದಿದ್ದು." ಅವಳ ಹಿಂದೆ ಹಿಲ್ಕಿಯಾ, ಯಾಯಿರ್ ಇಬ್ಬರೂ ನಿಂತಿದ್ದರು. ಹಿಲ್ಕಿಯಾ ಬೇರೆ ಕಡೆ ನೋಡಿದ. ಯಾಯಿರ್ ಬಾಯಿ ತೆರೆದ, ಏನೋ ಹೇಳುವವನಂತೆ. ಮಲ್ಕಾ ಅವನ ಮಾತಿಗಾಗಿ ಕಾದಳು. ಅವನು ಎಣ್ಣೆಯ ಚೀಲವನ್ನು ಹೆಗಲಿಗೇರಿಸಿಕೊಂಡು ಅವಳನ್ನು ಬಳಸಿ ಬೀದಿಗೆ ಇಳಿದ.

ಮಲ್ಕಾ ಒಲೆಯ ಕಟ್ಟೆಯ ಮೇಲೆ ಕೂತು, ಮುಚ್ಚಿದ ಬಟ್ಟೆ ತೆಗೆದು, ತಣ್ಣಗಾದ ಆ ಹಬ್ಬದೂಟವನ್ನು ಒಬ್ಬಳೇ ಉಂಡಳು.